ಹರೆಯ ಬೇಗ ಬಂದರೆ: ಒಂದು ಸೂಜಿಮದ್ದಿನ ಚರಿತ್ರೆ

ಏಳು ವರ್ಷದ ಮಗಳ ಎದೆಯಲ್ಲಿ ಮೊಗ್ಗಿನಂಥ ಗಂಟು ಕೈಗೆ ತಾಗಿದರೆ ಕರ್ಕಿಯ ತಾಯಿ ಹೆದರುವುದು ಕಾಯಿಲೆಗಿಂತ ಹೆಚ್ಚಾಗಿ ಜನರ ಬಾಯಿಗೆ. 'ಇಷ್ಟು ಬೇಗ ದೊಡ್ಡವಳಾದಳೇ?' ಎಂಬ ಒಂದು ಮಾತಿಗೆ ಹುಡುಗಿಯ ಅಂಗಳದ ಆಟ ನಿಂತುಹೋಗುತ್ತದೆ. ಇದನ್ನು ತಡೆಹಿಡಿಯುವ ಸೂಜಿಮದ್ದೊಂದಿದೆ ಎಂಬುದು ಈಗ ನಮ್ಮ ಊರುಗಳಿಗೂ ಗೊತ್ತು. ಅದರ ಅಡ್ಡ ಪರಿಣಾಮಗಳ ಬಗ್ಗೆ ಮಾತ್ರ ಅರ್ಧ ಸತ್ಯ, ಅರ್ಧ ಗಾಳಿಮಾತು.

ಹರೆಯಕ್ಕೆ ಗಡಿ ಗುರುತಿಸುವ ಕೆಲಸ ಇಂದಿನದಲ್ಲ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ, ಇಲ್ಲಿಯ ಮುಸ್ಲಿಮರು ಶಾಫಿ ಪಂಥದವರೆಂದೂ ಪಟ್ಟಣದಲ್ಲಿ ಹುಡುಗಿಯರಿಗೆಂದೇ 13 ಶಾಲೆಗಳಿದ್ದವೆಂದೂ ಬರೆದಿದ್ದಾನೆ. ಆ ಶಾಫಿ ಫಿಕ್ಹ್ ಮುಟ್ಟಿನ ಕನಿಷ್ಠ ವಯಸ್ಸನ್ನು ಸುಮಾರು ಒಂಬತ್ತು ಚಾಂದ್ರ ವರ್ಷವೆಂದು ಎಣಿಸಿತು. ಅದಕ್ಕೂ ಮೊದಲು ಕಂಡ ರಕ್ತ ಮುಟ್ಟಲ್ಲ, ದೇಹದ ತೊಂದರೆ. ನಮ್ಮ ಕ್ಯಾಲೆಂಡರಿನಲ್ಲಿ ಅದು ಎಂಟು ವರ್ಷ ಎಂಟೊಂಬತ್ತು ತಿಂಗಳು. ಹುಡುಗಿಯರಲ್ಲಿ ಎಂಟಕ್ಕೆ, ಹುಡುಗರಲ್ಲಿ ಒಂಬತ್ತಕ್ಕೆ ಮೊದಲೇ ಹರೆಯದ ಲಕ್ಷಣ ಕಂಡರೆ ಪರೀಕ್ಷಿಸಬೇಕೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಮಗುವನ್ನು ಮಗುವೆಂದೇ ಕಾಣಬೇಕೆಂಬ ಎಚ್ಚರ ಎರಡರಲ್ಲೂ ಇದೆ.

ಇನ್ನು ಮದ್ದಿನ ಕಥೆ. ಮೆದುಳಿನ ಹೈಪೊಥಲಾಮಸ್ ಒಂದು ಹಾರ್ಮೋನನ್ನು ಬಿಟ್ಟುಬಿಟ್ಟು ಸುರಿಸುತ್ತದೆ. ಪಿಟ್ಯುಟರಿ ಗ್ರಂಥಿ ಅದರಿಂದ ಎಚ್ಚರಗೊಂಡಾಗ ಹರೆಯ ಆರಂಭ. ಆಂಡ್ರ್ಯೂ ಶಾಲಿ ಹಂದಿಗಳ, ರೋಜರ್ ಗಿಲೆಮಿನ್ ಕುರಿಗಳ ಮೆದುಳಿನ ತುಣುಕುಗಳನ್ನು ಲಕ್ಷಗಟ್ಟಲೆ ಅರೆದು 1971ರಲ್ಲಿ ಈ ಹಾರ್ಮೋನಿನ ರಚನೆ ಬಿಡಿಸಿದರು. ಒಬ್ಬರಿಗೊಬ್ಬರು ಬದ್ಧ ಸ್ಪರ್ಧಿಗಳು; 1977ರ ನೊಬೆಲ್ ಇಬ್ಬರಿಗೂ ಬಂತು. 1978ರಲ್ಲಿ ಅರ್ನ್ಸ್ಟ್ ನೋಬಿಲ್ ಅವರ ತಂಡ ಕೋತಿಗಳಲ್ಲಿ ಒಂದು ವಿಚಿತ್ರ ಕಂಡಿತು. ಗಂಟೆಗೊಮ್ಮೆ ಕೊಟ್ಟರೆ ಪಿಟ್ಯುಟರಿ ದುಡಿಯುತ್ತದೆ, ಎಡೆಬಿಡದೆ ಕೊಟ್ಟರೆ ಸುಮ್ಮನಾಗುತ್ತದೆ. ಆಗಾಗ ಬಾಗಿಲು ತಟ್ಟಿದರೆ ಎದ್ದು ಬರುವ ಮನೆಯವರು, ಬಿಡದೆ ಬಡಿದರೆ ಕಿವಿ ಮುಚ್ಚಿ ಮಲಗಿದ ಹಾಗೆ! 1981ರಲ್ಲಿ ಅಮೆರಿಕದ ವೈದ್ಯರು ಇದೇ ಉಪಾಯವನ್ನು ಕೆಲವು ಪುಟ್ಟ ಹುಡುಗಿಯರ ಮೇಲೆ ಪ್ರಯೋಗಿಸಿದರು. 1993ರಲ್ಲಿ ಮಕ್ಕಳಿಗಾಗಿ ಲ್ಯುಪ್ರೊಲೈಡ್ ಡಿಪೋ ಚುಚ್ಚುಮದ್ದಿಗೆ ಅಲ್ಲಿ ಮಂಜೂರಾತಿ ಸಿಕ್ಕಿತು. ಅದಕ್ಕೂ ಮುಂಚಿನ ಔಷಧಿಗಳು ಮುಟ್ಟನ್ನು ನಿಲ್ಲಿಸುತ್ತಿದ್ದವೇ ಹೊರತು ಎಲುಬು ಬೇಗ ಬಲಿತು ಮಗು ಗಿಡ್ಡವಾಗಿ ಉಳಿಯುವುದನ್ನು ತಪ್ಪಿಸಲಾಗಲಿಲ್ಲ.

ಅಡ್ಡ ಪರಿಣಾಮಗಳಿಲ್ಲವೇ? ಇವೆ. ಮದ್ದು ಮೊದಲು ಗ್ರಂಥಿಯನ್ನು ಕೆರಳಿಸಿ ಆಮೇಲೆ ತಣಿಸುವುದರಿಂದ ಆರಂಭದ ವಾರಗಳಲ್ಲಿ ರಕ್ತ ಕಾಣಿಸಬಹುದು. 'ಮದ್ದೇ ಮುಟ್ಟು ತಂದಿತು' ಎಂಬ ಗಾಬರಿ ಹುಟ್ಟುವುದು ಇಲ್ಲಿ. ಚುಚ್ಚಿದಲ್ಲಿ ನೋವು, ಒಮ್ಮೊಮ್ಮೆ ಬಾವು, ತಲೆನೋವು, ಮೈ ಬಿಸಿಯೇರುವುದು, ಸಿಡುಕು, ಅಳು. ಎಲುಬಿನ ಸಾಂದ್ರತೆ ಚಿಕಿತ್ಸೆಯ ಕಾಲದಲ್ಲಿ ತುಸು ಹಿಂದೆ ಬಿದ್ದು, ಮದ್ದು ನಿಂತ ಮೇಲೆ ಸರಿಹೋಗುತ್ತದೆಂದು ಅಧ್ಯಯನಗಳು ಹೇಳುತ್ತವೆ. ಆದರೂ ಬಾಲ್ಯದಲ್ಲಿ ಇದನ್ನು ಪಡೆದ ಅಮೆರಿಕದ ಕೆಲವು ಮಹಿಳೆಯರು 2017ರಲ್ಲಿ ಎಲುಬು, ಕೀಲುಗಳ ನೋವಿನ ದೂರು ಹೇಳಿಕೊಂಡರು. ಅದಕ್ಕೆ ಮದ್ದೇ ಕಾರಣವೆಂದು ಸಿದ್ಧವಾಗಿಲ್ಲ. ಹಾಗೆಂದು ಆ ದೂರನ್ನು ತಳ್ಳಿಹಾಕುವುದೂ ನಮಗೆ ಸರಿ ಕಾಣದು. ಬಂಜೆತನ ಬರುತ್ತದೆಂಬ ಮಾತಿಗೆ ಮಾತ್ರ ಆಧಾರವಿಲ್ಲ. ಮದ್ದು ನಿಲ್ಲಿಸಿದ ಮೇಲೆ, ಸಾಮಾನ್ಯವಾಗಿ ಒಂದೆರಡು ವರ್ಷದೊಳಗೆ, ಮುಟ್ಟು ಬರುತ್ತದೆ.

ನಮ್ಮನ್ನು ಕಾಡುವ ಪ್ರಶ್ನೆ ಬೇರೆ: ಮದ್ದು ಬೇಕಾದದ್ದು ಯಾರಿಗೆ? ಐದಾರು ವರ್ಷಕ್ಕೇ ಹರೆಯ ನುಗ್ಗಿದ ಮಗುವಿಗೆ ಇದರಿಂದ ಎತ್ತರ ಉಳಿಯುತ್ತದೆ. ಒಂಬತ್ತರ ಹುಡುಗಿಗೆ ಆ ಲಾಭ ತೀರಾ ಕಡಿಮೆ. ಅಲ್ಲಿ ಮದ್ದು ಕೊಡಿಸುವುದು ಹೆಚ್ಚಾಗಿ ನೆಂಟರ ನಾಲಿಗೆಗೆ ಹೆದರಿ. ನಮ್ಮ ಹಿಂಜರಿಕೆಗೆ ಅವಳ ತೊಡೆಗೆ ಸೂಜಿ ಚುಚ್ಚುವುದು ನ್ಯಾಯವೇ? ಇನ್ನು ಹುಡುಗರಲ್ಲಿ ಬೇಗ ಮೀಸೆ ಮೂಡಿದರೆ ಗಂಡಸುತನವೆಂದು ಬೀಗುತ್ತೇವೆ. ಮೆದುಳಿನ ಗಡ್ಡೆಯಂಥ ಕಾರಣ ಅಡಗಿರುವ ಸಂಭವ ಹುಡುಗರಲ್ಲೇ ಹೆಚ್ಚು.

2022ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೊಸದೊಂದು ಎಚ್ಚರಿಕೆ ಸೇರಿಸಿತು. ಆರು ಮಕ್ಕಳಲ್ಲಿ ತಲೆಬುರುಡೆಯೊಳಗಿನ ಒತ್ತಡ ಏರಿದ್ದು ಕಂಡಿತ್ತು. ಅಪರೂಪ ನಿಜ, ಆದರೆ ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ತಡಮಾಡುವಂತಿಲ್ಲ. ಅದೇ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸು ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದಿತು. ಮಕ್ಕಳ ಹಾರ್ಮೋನು ತಜ್ಞರಿಗಾಗಿ ಕರ್ಕಿಯವರು ಹಿಡಿಯುವುದು ಅದೇ ಹೆದ್ದಾರಿಯನ್ನು, ಮಣಿಪಾಲಕ್ಕೋ ಮಂಗಳೂರಿಗೋ. ಸೂಜಿ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ, ಎರಡು-ಮೂರು ವರ್ಷ.