ತರಗತಿಯ ಜಪಾನೀ, ದುಮ್ಮವಾಡದ ‘ರೀ’

ವಿಶ್ವವಿದ್ಯಾಲಯದಲ್ಲಿ ಜಪಾನೀ ಕಲಿತವರು ನಿರರ್ಗಳವಾಗಿ ಮಾತಾಡಬಲ್ಲರೇ? ಈ ಪ್ರಶ್ನೆಗೆ ಸಾಮಾನ್ಯವಾಗಿ ಗಂಟೆಗಳ ಲೆಕ್ಕದಲ್ಲಿ ಉತ್ತರ ಕೊಡುತ್ತಾರೆ. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ತನ್ನ ಅಧಿಕಾರಿಗಳಿಗೆ ಜಪಾನೀ ಕಲಿಸಲು ಸುಮಾರು 2,200 ತರಗತಿ ಗಂಟೆ ಬೇಕೆಂದು ಅಂದಾಜಿಸುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಇರುವಂಥ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸುಗಳನ್ನು ಇದಕ್ಕೆ ಹೋಲಿಸಿ ನೋಡಬಹುದು. ವಾರಕ್ಕೆ 4 ಗಂಟೆಯಂತೆ ವರ್ಷಕ್ಕೆ 32 ವಾರ ಪಾಠ ನಡೆಯುತ್ತದೆಂದು ಇಟ್ಟುಕೊಂಡರೆ, ಮೂರು ವರ್ಷಕ್ಕೆ ಸಿಗುವುದು 384 ಗಂಟೆ. ಲೆಕ್ಕ ಇಲ್ಲಿಗೇ ನಿಂತರೆ ಆಸೆ ಇಟ್ಟುಕೊಳ್ಳುವಂತಿಲ್ಲ.

ಆದರೆ ಆ 2,200 ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಹಾಕಿದ ಲೆಕ್ಕ. ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದುಮ್ಮವಾಡದಿಂದ ಹೋಗಿ ಕಲಿಯುವವರಿಗೆ ಅದು ಹಾಗೆಯೇ ಹೊಂದದು. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ನಾಮಪದದ ನಂತರ ಪ್ರತ್ಯಯ ಹತ್ತುವುದು, ‘ನಿನ್ನೆ ಬಂದ ಹುಡುಗ’ ಎಂಬಲ್ಲಿ ಕ್ರಿಯೆಯೇ ನಾಮಪದವನ್ನು ವಿಶೇಷಿಸುವುದು, ‘ತಿಂದು ನೋಡು’ ಎಂಬಲ್ಲಿ ‘ನೋಡು’ ಪ್ರಯತ್ನವನ್ನು ಸೂಚಿಸುವುದು: ಜಪಾನೀ ಭಾಷೆಯಲ್ಲೂ ಇವೆಲ್ಲ ಹೀಗೇ ಇವೆ. ಜಪಾನಿನ ಕಾನಾ ಅಕ್ಷರಗಳ ಸಾಲು ಕೂಡ ಅ, ಕ, ಸ, ತ, ನ ಎಂದು ಸಾಗುತ್ತದೆ; ಬೌದ್ಧ ವಿದ್ವಾಂಸರ ಮೂಲಕ ಅಲ್ಲಿಗೆ ತಲುಪಿದ ಸಂಸ್ಕೃತ ವರ್ಣಕ್ರಮದ ಪ್ರಭಾವವದು.

ಧಾರವಾಡ ಸೀಮೆಯ ಮಾತು ಇನ್ನೂ ಒಂದು ಹೆಜ್ಜೆ ಹತ್ತಿರ. ‘ಮಳಿ ಬಂತ್ರಿ’, ‘ನಾ ಬರ್ತೇನ್ರಿ’ ಎಂಬಲ್ಲಿನ ‘ರೀ’ ಮಳೆಗೆ ಕೊಟ್ಟ ಮರ್ಯಾದೆಯಲ್ಲ, ಹೇಳುವವನು ತನಗೇ ಕೊಟ್ಟುಕೊಂಡದ್ದೂ ಅಲ್ಲ. ಅದು ಕೇಳುವವರಿಗೆ ಸಲ್ಲುತ್ತದೆ. ಜಪಾನೀ ವಾಕ್ಯದ ಕೊನೆಯ ‘ದೆಸ್’, ‘ಮಸ್’ ರೂಪಗಳ ಮುಖ್ಯ ಕೆಲಸವೂ ಇದೇ. ಇಂಗ್ಲಿಷಿನವರು ಹೊಸದಾಗಿ ರೂಢಿಸಿಕೊಳ್ಳಬೇಕಾದ ಈ ನಡೆಯನ್ನು ದುಮ್ಮವಾಡದ ಹುಡುಗಿ ಹಿರಿಯರ ಮುಂದೆ ದಿನವೂ ಪಾಲಿಸುತ್ತಾಳೆ. ಇಷ್ಟರಿಂದ ಎರಡು ಭಾಷೆಗಳೂ ಒಂದೇ ಮೂಲದವು ಎನ್ನಲಾಗದು. ತಮಿಳಿನ ವಿಷಯದಲ್ಲಿ ಜಪಾನಿನ ಭಾಷಾವಿದ್ವಾಂಸ ಸುಸುಮು ಓನೊ ಮಂಡಿಸಿದ ಅಂಥ ವಾದವನ್ನು ಬಹುತೇಕ ಭಾಷಾವಿಜ್ಞಾನಿಗಳು ಒಪ್ಪಿಲ್ಲ. ಕಲಿಕೆಯ ಅನುಕೂಲಕ್ಕೆ ರಕ್ತಸಂಬಂಧವೇನೂ ಬೇಕಿಲ್ಲ. ನಮ್ಮ ತರಗತಿಗಳಲ್ಲಿ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ವ್ಯಾಕರಣ ವಿವರಿಸುವುದರಿಂದ ಈ ಅನುಕೂಲ ಕೈಬಿಟ್ಟುಹೋಗುತ್ತಿದೆ ಎಂಬುದೇ ನನ್ನ ಸಂಕಟ.

ಚೀನಾ ಮೂಲದ ಲಿಪಿಯಾದ ಕಾಂಜಿಯಲ್ಲಿ ಮಾತ್ರ ನಮಗೆ ಯಾವ ರಿಯಾಯಿತಿಯೂ ಇಲ್ಲ. ನಿತ್ಯಬಳಕೆಯದೆಂದು ಜಪಾನ್ ಸರ್ಕಾರ ಪಟ್ಟಿ ಮಾಡಿದ 2,136 ಅಕ್ಷರಗಳನ್ನು ಒಂದೊಂದಾಗಿಯೇ ಕಲಿಯಬೇಕು.

ಇನ್ನು ಅಳತೆಯ ಮಾತು. 1984ರಲ್ಲಿ ಆರಂಭವಾಗಿ 2010ರಿಂದ ಐದು ಹಂತಗಳಲ್ಲಿ ನಡೆಯುತ್ತಿರುವ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆ, ಅಂದರೆ ಜೆಎಲ್‌ಪಿಟಿ, ಓದು ಮತ್ತು ಆಲಿಸುವಿಕೆಯನ್ನು ಅಳೆಯುತ್ತದೆ. ಬಾಯಿಬಿಟ್ಟು ಮಾತಾಡಿಸುವ ಭಾಗ ಅದರಲ್ಲಿಲ್ಲ. ಈ ಪರೀಕ್ಷೆಯನ್ನೇ ಗುರಿಯಾಗಿಟ್ಟುಕೊಂಡ ಕೋರ್ಸಿನಲ್ಲಿ ಒಂದು ವಾಕ್ಯವನ್ನೂ ತಡವರಿಸದೆ ಆಡಲಾಗದವರು ಕೂಡ ನಡುವಿನ ಹಂತವಾದ ಎನ್3 ದಾಟಬಲ್ಲರು. ಆದ್ದರಿಂದ ತೇರ್ಗಡೆಯ ಸಂಖ್ಯೆಯನ್ನು ಮುಂದಿಟ್ಟು ನಿರರ್ಗಳತೆ ಬಂತೆಂದೋ ಬರಲಿಲ್ಲವೆಂದೋ ತೀರ್ಮಾನಿಸುವ ಬರಹಗಳನ್ನು ನಾನು ಒಪ್ಪಲಾರೆ. ವ್ಯಾಕರಣವನ್ನು ಕನ್ನಡಕ್ಕೆ ಹೋಲಿಸಿ ಬೇಗ ಮುಗಿಸಿ, ಉಳಿದ ಗಂಟೆಗಳನ್ನು ಮಾತಿಗೆ ಕೊಟ್ಟು, ಪ್ರತಿ ಸೆಮಿಸ್ಟರಿನ ಕೊನೆಗೆ ವಿದ್ಯಾರ್ಥಿಗಳ ಸಂಭಾಷಣೆಯನ್ನು ಧ್ವನಿಮುದ್ರಿಸಿ ಇಡುವ ಒಂದು ವಿಭಾಗವಾದರೂ ಕರ್ನಾಟಕದಲ್ಲಿ ಬೇಕು. ಮೊದಲ ಪ್ರಶ್ನೆಗೆ ಪುರಾವೆ ಸಿಗುವುದು ಆ ಧ್ವನಿಮುದ್ರಿಕೆಗಳಿಂದ.