ಹೆಸರು ತಪ್ಪಿದ ಜೀವಾಣುಗಳು
(ಬಾನುಲಿ ಭಾಷಣ)

ದ್ವಿದಳ ಧಾನ್ಯವನ್ನು ಬೆಳೆದ ಹೊಲ ಮುಂದಿನ ಬೆಳೆಗೆ ಸತ್ತ್ವಶಾಲಿಯಾಗುತ್ತದೆಂಬುದು ರೈತನಿಗೆ ಬಹು ಹಿಂದಿನಿಂದ ತಿಳಿದ ಸಂಗತಿ. ಅದರ ಕಾರಣ ಗೊತ್ತಾದದ್ದು ಮಾತ್ರ ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1886ರಿಂದ 1888ರ ಅವಧಿಯಲ್ಲಿ, ಬಟಾಣಿಯಂಥ ಗಿಡಗಳು ಬೇರುಗಂಟುಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುತ್ತವೆಂದು ತೋರಿಸಿಕೊಟ್ಟರು. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಆ ಗಂಟುಗಳೊಳಗಿನ ಜೀವಾಣುವನ್ನು ಬೇರ್ಪಡಿಸಿ ಬೆಳೆಸಿದನು. ಮರುವರ್ಷ ಫ್ರಾಂಕ್ ಎಂಬಾತ ಅದಕ್ಕೆ ರೈಜೋಬಿಯಂ ಎಂದು ಹೆಸರಿಟ್ಟನು. ಬೇರಿನಲ್ಲಿ ಬಾಳುವುದು ಎಂದು ಅದರ ಅರ್ಥ.

ಹೆಸರಿನ ತೊಡಕು ಅಲ್ಲಿಂದ ಮೊದಲಾಯಿತು. ಜೀವಾಣುಗಳು ನೋಡಲು ಬಹುಮಟ್ಟಿಗೆ ಒಂದೇ ತೆರನಾದುವು. ಆದುದರಿಂದ ಯಾವ ಗಿಡದಲ್ಲಿ ಗಂಟು ಕಟ್ಟುತ್ತದೆಯೋ ಅದರಿಂದಲೇ ಜಾತಿಯನ್ನು ನಿರ್ಣಯಿಸಿದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡ್, ಬಾಲ್ಡ್‌ವಿನ್ ಮತ್ತು ಮೆಕಾಯ್ 1932ರಲ್ಲಿ ಪ್ರಕಟಿಸಿದ ಗ್ರಂಥ ಬಟಾಣಿ, ಸೋಯಾ ಅವರೆ ಮೊದಲಾದುವುಗಳಿಗೆ ಹೊಂದುವ ಆರು ಜಾತಿಗಳನ್ನು ಹೇಳಿತು. ಉಂಡ ಮನೆಯನ್ನು ನೋಡಿ ಅತಿಥಿಯ ಕುಲವನ್ನು ಹೇಳಿದಂತಾಯಿತು ಇದು. ಒಂದೇ ಜೀವಾಣು ಹಲವು ಮನೆಗಳಲ್ಲಿ ಉಣ್ಣುವುದನ್ನು ಕಂಡ ವಿಲ್ಸನ್, ಈ ವಿಂಗಡಣೆಯನ್ನು ಕೈಬಿಡಲು ಐದುನೂರಕ್ಕೂ ಮಿಕ್ಕ ಕಾರಣಗಳಿವೆಯೆಂದು 1944ರಲ್ಲಿ ವಾದಿಸಿದನು. ಇದರ ರಹಸ್ಯ 1978ರ ಪ್ರಯೋಗಗಳಿಂದ ಬಯಲಾಯಿತು. ಗಂಟು ಕಟ್ಟುವ ಶಕ್ತಿಯನ್ನು ಹೊತ್ತ ಪ್ಲಾಸ್ಮಿಡ್ ಎಂಬ ಅನುವಂಶಿಕ ಬಳೆ ಒಂದು ಜೀವಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲುದು! ಎರವಲು ಪಡೆದ ಗುಣದಿಂದ ವಂಶವನ್ನು ನಿರ್ಧರಿಸುವುದು ಹೇಗೆ? 1982ರಲ್ಲಿ ಜೋರ್ಡನ್, ನಿಧಾನವಾಗಿ ಬೆಳೆಯುವ ಸೋಯಾ ಜೀವಾಣುವನ್ನು ಬ್ರಾಡಿರೈಜೋಬಿಯಂ ಎಂಬ ಬೇರೆ ಕುಲಕ್ಕೆ ಸೇರಿಸಿದನು.

ಇನ್ನೊಂದು ತೊಡಕು ಹಸ್ತಪ್ರತಿಗಳೊಡನೆ ಬದುಕಿದ ನನ್ನಂಥವರಿಗೆ ಸುಲಭವಾಗಿ ಅರ್ಥವಾಗುವಂಥದು. ಪ್ರತಿಯೊಂದು ಜಾತಿಗೂ ಮೂಲಮಾದರಿಯಾದ ಒಂದು ತಳಿ ಉಂಟು. ಅದು ಮಾತೃಪ್ರತಿ ಇದ್ದಂತೆ. ಅದರ ಪ್ರತಿಗಳನ್ನು ನಾನಾ ದೇಶಗಳ ಸಂಗ್ರಹಾಲಯಗಳು ಕಾಪಾಡುತ್ತವೆ. ರೈಜೋಬಿಯಂ ಲೆಗ್ಯುಮಿನೊಸಾರಮ್‌ನ ಪ್ರತಿಗಳನ್ನು ರಮೀರೆಸ್-ಬಹೇನಾ ಮತ್ತು ಸಂಗಡಿಗರು 2008ರಲ್ಲಿ ಹೋಲಿಸಿ ನೋಡಿದಾಗ, ಜರ್ಮನಿಯಲ್ಲಿದ್ದ ಪ್ರತಿ ಅಮೆರಿಕದ ಯು.ಎಸ್.ಡಿ.ಎ. 2370 ತಳಿಯದಲ್ಲವೆಂದು ತಿಳಿಯಿತು. ಒಂದೇ ಹೆಸರಿನಡಿ ಎರಡು ಜೀವಿಗಳು ಕುಳಿತಿದ್ದುವು! ಜರ್ಮನಿಯ ತಳಿಗೆ ರೈಜೋಬಿಯಂ ಪೈಸೈ ಎಂದು ಹೊಸ ನಾಮಕರಣವಾಯಿತು. ಟ್ರೈಫೋಲಿಯೈ ಎಂಬ ಹೆಸರು ಲೆಗ್ಯುಮಿನೊಸಾರಮ್‌ಗೇ ಪರ್ಯಾಯವೆಂದು ಬಿದ್ದುಹೋಯಿತು. ಫ್ಯಾಸಿಯೊಲೈ ಸ್ವತಂತ್ರ ಜಾತಿಯಾಗಿ ಉಳಿಯಿತು.

ಹೆಸರಾಂತ ಸೋಯಾ ತಳಿ ಯು.ಎಸ್.ಡಿ.ಎ. 110 ಕೂಡ ಹೀಗೆಯೇ ಹೆಸರು ಬದಲಿಸಿತು. 2002ರಲ್ಲಿ ಅದರ ಸಂಪೂರ್ಣ ವಂಶಲಿಪಿ ಜಪಾನಿನಿಂದ ಪ್ರಕಟವಾದಾಗ ಅದು ಬ್ರಾಡಿರೈಜೋಬಿಯಂ ಜಪೋನಿಕಮ್. 2013ರಿಂದ ಬ್ರಾಡಿರೈಜೋಬಿಯಂ ಡಯಾಜೋಎಫಿಶಿಯೆನ್ಸ್. ಸಾರಜನಕವನ್ನು ಹಿಡಿಯುವುದರಲ್ಲಿ ಅದಕ್ಕಿರುವ ದಕ್ಷತೆಯನ್ನೇ ಈ ಹೆಸರು ಸಾರುತ್ತದೆ.

ಇದು ಪಂಡಿತರ ಪದಜಗಳವಲ್ಲವೆ ಎಂದು ಕೆಲವರು ಕೇಳಬಹುದು. ಬೀಜಕ್ಕೆ ಲೇಪಿಸುವ ಜೀವಾಣು ಗೊಬ್ಬರದ ಪೊಟ್ಟಣವನ್ನು ರೈತ ನಂಬಿಕೆಯಿಂದ ಕೊಳ್ಳುತ್ತಾನೆ. ಒಳಗಿನ ಜೀವಿಯನ್ನು ಅವನು ಕಣ್ಣಿಂದ ಕಾಣಲಾರ. ಪರೀಕ್ಷೆಯಲ್ಲಿ ಗೆದ್ದ ತಳಿಯೊಂದು, ಪೊಟ್ಟಣದಲ್ಲಿ ಬಂದದ್ದು ಇನ್ನೊಂದು ಎಂದಾದರೆ ಬೇರಿನಲ್ಲಿ ಗಂಟು ಕಟ್ಟದೆ ಹೋಗಬಹುದು. ಕಟ್ಟಿದರೂ ಅದು ದುಡಿಯದೆ ಉಣ್ಣುವ ಅತಿಥಿಯಾಗಬಹುದು. ಆ ನಷ್ಟ ರೈತನದು. ಹೆಸರನ್ನು ತಿದ್ದಿದ ಮಾತ್ರಕ್ಕೆ ಜೀವಾಣುವಿನ ಗುಣ ಬದಲಾಗುವುದಿಲ್ಲ, ನಿಜ. ಆದರೆ ಯಾವ ಗುಣ ಯಾರದು ಎಂಬುದು ಸ್ಪಷ್ಟವಾಗುತ್ತದೆ. ಹೆಸರು ಬದಲಾದರೂ ತಳಿಯ ಸಂಖ್ಯೆಯನ್ನು ಜೋಪಾನವಾಗಿ ಬರೆದಿಟ್ಟವರಿಂದಲೇ ಈ ಸಂಶೋಧನೆ ಸಾಧ್ಯವಾಯಿತೆಂಬುದನ್ನು ಮರೆಯಬಾರದು.