ಫಲಜ್‌ನಿಂದ ಮಾಳಿಗೆಯ ತೊಟ್ಟಿಯವರೆಗೆ: ಕೊಲ್ಲಿನಾಡಿನ ಕುಡಿಯುವ ನೀರು ಮತ್ತು ಕಣ್ಣಿಗೆ ಕಾಣದ ಶಿಲೀಂಧ್ರಗಳು



ಈ ಮರಳುನಾಡಿನಲ್ಲಿ ನಲ್ಲಿ ತಿರುಗಿಸಿದೊಡನೆ ನೀರು ಸುರಿಯುವುದನ್ನು ನಾವು ಸಹಜವೆಂದೇ ಭಾವಿಸಿದ್ದೇವೆ. ಆದರೆ ಆ ನೀರಿನ ಹಿಂದೆ ಮೂರು ಸಹಸ್ರ ವರ್ಷಗಳ ಚರಿತ್ರೆಯಿದೆ. ಅಲ್ ಐನ್ ಸಮೀಪದ ಹಿಲಿಯಲ್ಲಿ ಉತ್ಖನನದಿಂದ ಬೆಳಕಿಗೆ ಬಂದ ಫಲಜ್ ಕ್ರಿ.ಪೂ. 1000ದ ಸುಮಾರಿನದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಂತರ್ಜಲವನ್ನು ಇಳಿಜಾರಿನ ಕಾಲುವೆಯಲ್ಲಿ, ಯಂತ್ರದ ನೆರವಿಲ್ಲದೆ, ತೋಟಕ್ಕೂ ಮನೆಗೂ ಹರಿಸುವ ವ್ಯವಸ್ಥೆಯೇ ಫಲಜ್. ಅಲ್ ಐನ್‌ನ ಈ ನೆಲೆಗಳು 2011ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಈ ವಿದ್ಯೆ ಕನ್ನಡಿಗರಿಗೆ ಅಪರಿಚಿತವಲ್ಲ. ಬಹಮನಿ ಅರಸರ ಬೀದರಿನಲ್ಲಿ 15ನೆಯ ಶತಮಾನದ ಕರೇಜ್ ಇಂದಿಗೂ ಇದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡಗಳನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲೇ ಕಂಡವರು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಹಲವು ಬಾರಿ ವಿಫಲರಾದರೂ ಧೃತಿಗೆಡದೆ ಏಕಾಂಗಿಯಾಗಿ ಸುರಂಗ ತೋಡಿ ನೀರು ಕಂಡರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಂಥ ನೀರಿಗೆಲ್ಲ ಒಬ್ಬ ಕಾವಲುಗಾರನಿದ್ದ. ಫಲಜ್‌ನ ಪಾಲು ಹಂಚಿ, ಹೂಳೆತ್ತಿಸಿ, ಕಾಲುವೆಯನ್ನು ನೋಡಿಕೊಳ್ಳುವ ಹೊಣೆ ‘ಅರೀಫ್’ನದಾಗಿತ್ತು.

ದುಬೈ ಖಾರಿಯ ಎರಡೂ ದಡಗಳಲ್ಲಿ 1950ರ ದಶಕದವರೆಗೂ ಬಾವಿಯ ನೀರು ತಗಡಿನ ಡಬ್ಬಗಳಲ್ಲಿ ತುಂಬಿ ಕತ್ತೆಗಳ ಬೆನ್ನೇರಿ ಮನೆಗಳಿಗೆ ಬರುತ್ತಿತ್ತು. 1960ರ ದಶಕದಲ್ಲಿ ಅವೀರ್‌ನ ಬಾವಿಗಳಿಂದ ಕೊಳವೆಯ ನೀರು ಬಂದಿತು. ಮುಂದೆ ಜೆಬೆಲ್ ಅಲಿಯಲ್ಲಿಯೂ, ಅಬುಧಾಬಿಯ ಉಮ್ಮ್ ಅಲ್ ನಾರ್ ಮತ್ತು ತವೀಲಾಗಳಲ್ಲಿಯೂ ಸಮುದ್ರದ ನೀರನ್ನು ಸಿಹಿಯಾಗಿಸುವ ಬೃಹತ್ ಸ್ಥಾವರಗಳು ತಲೆಯೆತ್ತಿದವು. 1992ರ ಜನವರಿ 1ರಂದು ದುಬೈಯ ವಿದ್ಯುತ್ ಮತ್ತು ನೀರಿನ ಇಲಾಖೆಗಳು ಒಂದೇ ಪ್ರಾಧಿಕಾರವಾದವು.

ಸ್ಥಾವರದಿಂದ ಹೊರಡುವ ನೀರು ಶುದ್ಧವೇ ಸರಿ. ಆದರೆ ಅದು ನಮ್ಮ ಲೋಟವನ್ನು ಸೇರುವ ಮೊದಲು ಕಟ್ಟಡದ ತೊಟ್ಟಿಯಲ್ಲಿ ತಂಗುತ್ತದೆ. ಅಲ್ಲಿ ನೀರು ನಿಂತು, ಬಿಸಿಯಾಗಿ, ಕ್ಲೋರಿನ್ನಿನ ಅಂಶ ಕುಗ್ಗಿದಾಗ ಗೋಡೆಗೆ ತೆಳುವಾದ ಲೋಳೆಯ ಪದರ ಕಟ್ಟುತ್ತದೆ. ಆಸ್ಪರ್ಜಿಲಸ್, ಪೆನಿಸಿಲಿಯಂ, ಫ್ಯುಸೇರಿಯಂ ಮೊದಲಾದ ಶಿಲೀಂಧ್ರಗಳು, ಅಂದರೆ ಹಳಸಿದ ರೊಟ್ಟಿಯ ಮೇಲೆ ನಾವು ಕಾಣುವ ಬೂಷ್ಟಿನ ಬಂಧುಗಳು, ಆ ಪದರದಲ್ಲಿ ನೆಲೆಸಬಲ್ಲವು. ಅವುಗಳ ಬೀಜಕಣಗಳ ಹೊದಿಕೆ ದಪ್ಪನಾದುದು. ಬ್ಯಾಕ್ಟೀರಿಯಗಳಿಗಿಂತ ಹೆಚ್ಚು ಕ್ಲೋರಿನ್ನನ್ನು ಅವು ತಾಳಿಕೊಳ್ಳುತ್ತವೆ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬುದು 37 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಉಷ್ಣದಲ್ಲಿಯೂ ಬೆಳೆಯುತ್ತದೆ.

ಇವುಗಳ ಕಡೆಗೆ ವಿಜ್ಞಾನದ ಗಮನ ಹರಿದುದು ತಡವಾಗಿ. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯ ಕೆರೆಯ ನೀರಿನಲ್ಲಿ ಕಾಲರಾದ ಬ್ಯಾಕ್ಟೀರಿಯವನ್ನು ಕಂಡರು. ಅಂದಿನಿಂದ ನೀರಿನ ಪರೀಕ್ಷೆಯೆಂದರೆ ಮುಖ್ಯವಾಗಿ ಬ್ಯಾಕ್ಟೀರಿಯಗಳ ಪರೀಕ್ಷೆಯೇ ಆಯಿತು. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರಿನಲ್ಲಿ ಶಿಲೀಂಧ್ರವಿಲ್ಲವೆಂದು ಹೇಳಲಾಗದು. ಅಮೆರಿಕದ ಆಸ್ಪತ್ರೆಯೊಂದರ ನೀರಿನ ವ್ಯವಸ್ಥೆಯನ್ನು 3 ವರ್ಷ ಪರಿಶೀಲಿಸಿದ ಎಲಿಯಾಸ್ ಅನೈಸ್ಸಿ ಮತ್ತು ಸಂಗಡಿಗರು, ಅದರಲ್ಲಿ ಆಸ್ಪರ್ಜಿಲಸ್ ಇರುವುದನ್ನು 2002ರಲ್ಲಿ ಪ್ರಕಟಿಸಿದರು. ರೋಗಿಗಳ ಕೊಠಡಿಗಿಂತ ಸ್ನಾನದ ಮನೆಯ ಗಾಳಿಯಲ್ಲಿ ಅದರ ಕಣಗಳು ಹೆಚ್ಚಾಗಿದ್ದವು. ವಿಶ್ವ ಆರೋಗ್ಯ ಸಂಸ್ಥೆಯು 19 ಅಪಾಯಕಾರಿ ಶಿಲೀಂಧ್ರಗಳ ಮೊದಲ ಪಟ್ಟಿಯನ್ನು ಹೊರಡಿಸಿದ್ದು 2022ರಲ್ಲಿ.

ಹಾಗೆಂದು ನಾವು ಭಯಪಡಬೇಕಾಗಿಲ್ಲ. ಆರೋಗ್ಯವಂತರ ದೇಹ ಇಂಥ ಬೀಜಕಣಗಳನ್ನು ದಿನವೂ ಎದುರಿಸಿ ಗೆಲ್ಲುತ್ತದೆ. ಅಪಾಯವಿರುವುದು ರೋಗನಿರೋಧಕ ಶಕ್ತಿ ತೀರ ಕುಗ್ಗಿದವರಿಗೆ: ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರು. ಊರಿನಿಂದ ಚಿಕಿತ್ಸೆಗೋ ಮೊಮ್ಮಕ್ಕಳನ್ನು ಕಾಣಲೋ ಬಂದ ತಂದೆತಾಯಿಗಳಲ್ಲಿಯೂ ಅಂಥವರಿರಬಹುದು. ಅವರಿಗೆ ಕುದಿಸಿ ಆರಿಸಿದ ನೀರನ್ನು ಕೊಡುವುದು ಲೇಸು. ಸ್ನಾನದ ವಿಷಯದಲ್ಲಿ ವೈದ್ಯರ ಸಲಹೆ ಕೇಳಬೇಕು.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಾವು ಮನೆಗೆ ಬೀಗ ಹಾಕಿ ಊರಿಗೆ ತೆರಳುತ್ತೇವೆ. ಆ ಉರಿಬಿಸಿಲಿನಲ್ಲಿ ಕೊಳವೆಯ ನೀರು ವಾರಗಟ್ಟಲೆ ನಿಂತಿರುತ್ತದೆ. ಮರಳಿ ಬಂದೊಡನೆ ಕಿಟಕಿ ತೆರೆದು, ಎಲ್ಲ ನಲ್ಲಿಗಳಿಂದಲೂ ಕೆಲಹೊತ್ತು ನೀರು ಹರಿಯಬಿಡಬೇಕು. ಶೋಧಕದ ಕ್ಯಾಂಡಲ್ ಬದಲಿಸಬೇಕು. ಕಟ್ಟಡದ ತೊಟ್ಟಿಯನ್ನು ವರ್ಷಕ್ಕೆರಡು ಬಾರಿಯಾದರೂ ತೊಳೆಸಿದ್ದಾರೆಯೇ, ಮುಚ್ಚಳ ಭದ್ರವಾಗಿದೆಯೇ ಎಂದು ಮೇಲ್ವಿಚಾರಕರನ್ನು ಕೇಳಲು ಸಂಕೋಚಪಡಬಾರದು.

ಫಲಜ್‌ಗೆ ಅರೀಫ್ ಇದ್ದ. ಸುರಂಗಕ್ಕೆ ಅದನ್ನು ತೋಡಿದ ಮನೆಯವರಿದ್ದರು. ಮಾಳಿಗೆಯ ಮೇಲಿನ ತೊಟ್ಟಿಯಾದರೋ ಎಲ್ಲರಿಗೂ ಸೇರಿದ್ದು, ಆದ್ದರಿಂದಲೇ ಯಾರ ಗಮನಕ್ಕೂ ಬಾರದ್ದು. ಅದರ ಅರೀಫರು ನಾವೇ ಆಗಬೇಕಾಗಿದೆ.